ಗುಳೇದಗುಡ್ಡದ ಮಿಶನ್ ಕಲಿಸುವ ಪಾಠ: ಪರದೇಶದ ನೆರವು ಜನಸೇವೆಯಾಗುವುದು ಹೇಗೆ?

ವಿದೇಶಿ ಮಿಶನ್ ಎಂದೊಡನೆ ಕರಾವಳಿಯ ನಮಗೆ ಬಲ್ಮಠ, ಜೆಪ್ಪು, ಕಂಕನಾಡಿ ನೆನಪಾಗುತ್ತವೆ. ಆದರೆ ಘಟ್ಟದ ಆಚೆ, ಇಂದಿನ ಬಾಗಲಕೋಟೆ ಜಿಲ್ಲೆಯಲ್ಲಿಯೂ ಮಿಶನ್ ಸೇವೆಗೆ 170 ವರ್ಷಕ್ಕೂ ಮೀರಿದ ಚರಿತ್ರೆಯಿದೆ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಸೀಮೆಯ ಜನರಿಗೆ ನಮ್ಮ ಧರ್ಮಕೇಂದ್ರಗಳು ಏನು ಮಾಡಬಹುದೆಂದು ತಿಳಿಯಲು ಆ ಚರಿತ್ರೆಯನ್ನು ಒಮ್ಮೆ ನೋಡುವುದು ಒಳ್ಳೆಯದು.

ಬಾಸೆಲಿನಿಂದ ಗುಳೇದಗುಡ್ಡಕ್ಕೆ

ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟೆಂಟ್ ಸಂಸ್ಥೆಯಾದ ಬಾಸೆಲ್ ಮಿಶನ್ನಿನ ಮೂವರು ಮಿಶನರಿಗಳಾದ ಹೆಬಿಕ್, ಲೆಹ್ನರ್ ಮತ್ತು ಗ್ರೈನರ್ 1834ರ ಅಕ್ಟೋಬರಿನಲ್ಲಿ ಮಂಗಳೂರಿಗೆ ಬಂದರು. ಬಳಿಕ 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಗದಗಿನ ಬೆಟಗೇರಿ, 1851ರಲ್ಲಿ ಬಾದಾಮಿ ಸೀಮೆಯ ಗುಳೇದಗುಡ್ಡದಲ್ಲಿ ಕೇಂದ್ರಗಳು ಆರಂಭವಾದವು. ಗುಳೇದಗುಡ್ಡ ನೇಕಾರರ ಊರು. ಇಲ್ಲಿನ ಕುಪ್ಪಸದ ಖಣ ಮತ್ತು ಇಳಕಲ್ಲಿನ ಸೀರೆ ಎರಡೂ ಇಂದಿಗೂ ನಾಡಿಗೆಲ್ಲ ಪರಿಚಿತ.

ಕಥೋಲಿಕರ ನೆಲೆ ಇನ್ನೂ ಹಳೆಯದು. ಇಳಕಲ್ಲಿಗೆ ಸಮೀಪದ, ರಾಯಚೂರು ಜಿಲ್ಲೆಯ ಮುದಗಲ್ಲಿನಲ್ಲಿ ಬಿಜಾಪುರದ ಆದಿಲ್‌ಶಾಹಿ ಅರಸರ ಕಾಲದಿಂದಲೇ ಕಥೋಲಿಕ ಸಮುದಾಯವಿದೆ. ಬಾಗಲಕೋಟೆ ಜಿಲ್ಲೆ ಈಗ 1953ರಲ್ಲಿ ಸ್ಥಾಪನೆಯಾದ ಬೆಳಗಾವಿ ಧರ್ಮಪ್ರಾಂತ್ಯಕ್ಕೆ ಸೇರಿದೆ. ಈ ಧರ್ಮಪ್ರಾಂತ್ಯಕ್ಕೆ ಧರ್ಮಾಧ್ಯಕ್ಷರಾಗಿದ್ದ ಬರ್ನಾರ್ಡ್ ಮೊರಾಸ್ ಮತ್ತು ಪೀಟರ್ ಮಚಾದೊ ಇಬ್ಬರೂ ಕರಾವಳಿಯವರು.

ಬರ ಮತ್ತು ಯುದ್ಧದ ಪರೀಕ್ಷೆ

1876ರಿಂದ 1878ರ ಬರಗಾಲ ಈ ಸೀಮೆಯನ್ನು ಹಿಂಡಿತು. ಆಗಿನ ಕಲಾದಗಿ ಜಿಲ್ಲೆಯ ಜನಸಂಖ್ಯೆ 1872ರಲ್ಲಿ ಸುಮಾರು 8 ಲಕ್ಷ 16 ಸಾವಿರ ಇದ್ದದ್ದು 1881ರಲ್ಲಿ ಸುಮಾರು 6 ಲಕ್ಷ 38 ಸಾವಿರಕ್ಕೆ ಇಳಿಯಿತು. ಸತ್ತವರೆಷ್ಟೋ, ಊರು ಬಿಟ್ಟವರೆಷ್ಟೋ. ಮಿಶನ್ ಅನಾಥ ಮಕ್ಕಳನ್ನು ಸೇರಿಸಿಕೊಂಡಿತು. ಅನ್ನದ ಜೊತೆಗೆ ಅಕ್ಷರ ಮತ್ತು ಕಸುಬು ಬೇಕೆಂಬುದು ಅದರ ಕ್ರಮವಾಗಿತ್ತು.

ಎಲ್ಲವೂ ಫಲಿಸಲಿಲ್ಲ. ಗದಗ ಬಳಿಯ ಮಲಸಮುದ್ರದಲ್ಲಿ 1841ರಲ್ಲಿ ತೆಗೆದ ಬೇಸಾಯದ ವಸಾಹತು, ನಿರೀಕ್ಷಿಸಿದ ಜನ ಬಂದು ನೆಲೆಸದೆ ಸೋತಿತು. ಜಾಗ, ಹಣ, ಉತ್ಸಾಹ ಎಲ್ಲವೂ ಇತ್ತು. ಜನರ ಮನಸ್ಸಿನಲ್ಲಿ ಏನಿದೆ ಎಂಬ ಅರಿವು ಮಾತ್ರ ಸಾಲದಾಯಿತು.

1914ರ ಮಹಾಯುದ್ಧ ಬಂದಾಗ ಜರ್ಮನ್ ಮಿಶನರಿಗಳನ್ನು ಬಂಧನ ಶಿಬಿರಗಳಿಗೆ ಕಳುಹಿಸಲಾಯಿತು. ಮಿಶನ್ನಿನ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದವು. ಹೊರಗಿನ ಕೈ ಒಮ್ಮೆಲೇ ಇಲ್ಲವಾದಾಗ ಸಭೆಯನ್ನು ನಡೆಸಬೇಕಾದವರು ಊರಿನ ಉಪದೇಶಿಗಳು, ಶಿಕ್ಷಕರು, ಕುಟುಂಬಗಳು. ಹೊರಗಿನ ನೆರವು ಎಂದಾದರೊಂದು ದಿನ ನಿಲ್ಲುತ್ತದೆ ಎಂದು ತಿಳಿದೇ ಕೆಲಸ ಆರಂಭಿಸಬೇಕು ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

ಇಂದಿನ ನಿಯಮಗಳು

ಇಂದು ಪರದೇಶದ ಹಣ ಪಡೆಯಲು ವಿದೇಶಿ ದೇಣಿಗೆ ನಿಯಂತ್ರಣ ಕಾಯಿದೆಯ ಪ್ರಕಾರ ನೋಂದಣಿ ಅಥವಾ ಪೂರ್ವಾನುಮತಿ ಬೇಕು. 1976ರ ಕಾಯಿದೆಯ ಸ್ಥಾನದಲ್ಲಿ 2010ರ ಕಾಯಿದೆ ಬಂತು. 2020ರ ತಿದ್ದುಪಡಿ ಅದನ್ನು ಇನ್ನಷ್ಟು ಬಿಗಿಗೊಳಿಸಿತು. ಹಣ ಮೊದಲು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಪಡೆದ ಸಂಸ್ಥೆ ಅದನ್ನು ಬೇರೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಆಡಳಿತ ವೆಚ್ಚ ಶೇಕಡಾ 20ನ್ನು ಮೀರುವಂತಿಲ್ಲ. ಮಂಗಳೂರಿನ ಒಂದು ಸಂಸ್ಥೆ ವಿದೇಶಿ ಹಣ ತರಿಸಿ ಬಾದಾಮಿಯ ಚಿಕ್ಕ ಸಂಸ್ಥೆಗೆ ಹಂಚುವ ದಾರಿ ಹೀಗೆ ಮುಚ್ಚಿದೆ.

ಗಲ್ಫ್ ರಾಷ್ಟ್ರಗಳಲ್ಲಿರುವ ನಮ್ಮವರು ಒಂದು ವಿಷಯ ಗಮನಿಸಬೇಕು. ಭಾರತೀಯ ಪೌರತ್ವ ಉಳಿಸಿಕೊಂಡವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳುಹಿಸುವ ದಾನ ವಿದೇಶಿ ದೇಣಿಗೆ ಎನಿಸುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದವರು ಕೊಟ್ಟರೆ ಅದು ವಿದೇಶಿ ದೇಣಿಗೆಯೇ. ಆದ್ದರಿಂದ ಧರ್ಮಕೇಂದ್ರಗಳು ದಾನಿಯ ಪೌರತ್ವ ವಿಚಾರಿಸಿ ರಸೀದಿ ಕೊಡುವುದು ಕ್ಷೇಮ.

ಧರ್ಮಕೇಂದ್ರಗಳು ಏನು ಮಾಡಬಹುದು?

ಮೊದಲನೆಯದಾಗಿ, ಕೇಳಿ ತಿಳಿಯುವುದು. 2009 ಮತ್ತು 2019ರಲ್ಲಿ ಮಲಪ್ರಭೆಯ ನೆರೆ ಬಾದಾಮಿ, ಹುನಗುಂದ ಸೀಮೆಯ ಹಳ್ಳಿಗಳಿಗೆ ನುಗ್ಗಿದಾಗ ಹಳೆ ಬಟ್ಟೆಯ ಮೂಟೆಗಿಂತ ಮಗ್ಗದ ದುರಸ್ತಿ, ಬಿತ್ತನೆ ಬೀಜ, ಮಕ್ಕಳ ಪುಸ್ತಕ ಹೆಚ್ಚು ಉಪಯೋಗಕ್ಕೆ ಬರುವಂಥವು. ಯಾವುದು ಬೇಕೆಂದು ಅಲ್ಲಿಯವರೇ ಹೇಳಬೇಕು.

ಎರಡನೆಯದು, ಕಸುಬಿಗೆ ಬೆಂಬಲ. ಇಳಕಲ್ ಸೀರೆಯ ಒಡಲು ಮತ್ತು ಸೆರಗಿನ ಎಳೆಗಳನ್ನು ಕುಣಿಕೆ ಹಾಕಿ ಜೋಡಿಸುವ ತೋಪು ತೆನಿ ಕ್ರಮ ಕೈಮಗ್ಗದ ಶ್ರಮ. ವಿದ್ಯುತ್ ಮಗ್ಗದ ಅಗ್ಗದ ಬಟ್ಟೆಯ ಮುಂದೆ ಅದಕ್ಕೆ ಬೆಲೆ ಸಿಗುವುದು ಕಷ್ಟ. ಹಬ್ಬಕ್ಕೆ, ಮದುವೆಗೆ ನೇಕಾರರ ಸಹಕಾರ ಸಂಘದಿಂದ ನೇರವಾಗಿ ಕೊಳ್ಳಬಹುದು. ಮಂಗಳೂರಿನ ಕಥೋಲಿಕರು 1912ರಲ್ಲಿಯೇ ಸಹಕಾರಿ ಬ್ಯಾಂಕ್ ಕಟ್ಟಿದವರು. ಆ ಲೆಕ್ಕಪತ್ರದ ಅನುಭವವನ್ನು ಅಲ್ಲಿನ ಸ್ವಸಹಾಯ ಗುಂಪುಗಳಿಗೆ ಕಲಿಸುವುದೂ ಒಂದು ದಾನ.

ಮೂರನೆಯದು ಎಲ್ಲಕ್ಕಿಂತ ಹತ್ತಿರದ್ದು. ಮಳೆ ಕೈಕೊಟ್ಟ ವರ್ಷ ಗುಳೆ ಹೊರಡುವ ಬಾಗಲಕೋಟೆ, ಬಾದಾಮಿಯ ಕುಟುಂಬಗಳು ನಮ್ಮ ಊರುಗಳಲ್ಲಿಯೇ ಕಟ್ಟಡದ ಕೆಲಸ ಮಾಡುತ್ತಿವೆ. ಅವರ ಮಕ್ಕಳನ್ನು ಶಾಲೆಗೆ ಸೇರಿಸುವುದು, ಇಲ್ಲಿಯೇ ಪಡಿತರ ಸಿಗುವಂತೆ ನೋಡುವುದು, ವರ್ಷದಲ್ಲಿ 90 ದಿನ ದುಡಿದವರನ್ನು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸುವುದು, ಇವಕ್ಕೆ ಪರದೇಶದ ಹಣವೂ ಬೇಡ, ಅನುಮತಿಯೂ ಬೇಡ. ವಿನ್ಸೆಂಟ್ ಡಿ ಪಾವ್ಲ್ ಸಭೆ, ಯುವಜನರ ಸಂಘಟನೆ ಸೇರಿ ತಿಂಗಳಿಗೊಂದು ಭಾನುವಾರ ಕೊಟ್ಟರೆ ಸಾಕು.

ನಾಲ್ಕನೆಯದು, ಸಹಾಯಕ್ಕೆ ಶರತ್ತು ಇರಬಾರದು. ಹಸಿದವನ ಜಾತಿ, ಮತ ಕೇಳಿ ಬಡಿಸಿದ ಅನ್ನ ಸೇವೆಯಾಗದು. ಅದು ಸಂಶಯಕ್ಕೂ ದಾರಿ.

ಅಕ್ಟೋಬರಿನ ವಿಶ್ವ ಮಿಶನ್ ಭಾನುವಾರ 1926ರಲ್ಲಿ ನಿಗದಿಯಾದುದು. ಅಂದು ನಾವು ಹಾಕುವ ಕಾಣಿಕೆ ದೂರದ ದೇಶಗಳಿಗೆ ಹೋಗುತ್ತದೆ. ಒಂದು ಕಾಲದಲ್ಲಿ ದೂರದ ದೇಶದವರ ಕಾಣಿಕೆಯಿಂದಲೇ ನಮ್ಮಲ್ಲಿ ಶಾಲೆ, ಆಸ್ಪತ್ರೆಗಳು ಎದ್ದವು. ಆ ಋಣವನ್ನು ತೀರಿಸಲು ಬಾಗಲಕೋಟೆಯವರೆಗೆ ಹೋಗಬಹುದು. ನಮ್ಮ ಇಗರ್ಜಿಯ ಪಕ್ಕದಲ್ಲಿ ಕಟ್ಟಡ ಕಟ್ಟುತ್ತಿರುವ ಬಾಗಲಕೋಟೆಯವರನ್ನು ಈ ವಾರವೇ ಮಾತನಾಡಿಸಲೂಬಹುದು.