ಆ್ಯಪ್ ಒಂದೇ, ಆದ್ರೆ ಎಲ್ಲ ಫೋನ್‌ಗಳಲ್ಲಿ ಒಂದೇ ಥರ ಇರಲ್ಲ: ಏಕೆ ಗೊತ್ತಾ?

ನಿಮ್ಮ ಫೋನ್‌ನಲ್ಲಿ ಎಚ್‌ಡಿಯಲ್ಲಿ ಕಾಣುವ ಸಿನಿಮಾ ಅಮ್ಮನ ಫೋನ್‌ನಲ್ಲಿ ಮಸುಕಾಗಿ ಕಾಣುತ್ತದೆ. ಅಕೌಂಟ್ ಅದೇ, ಪ್ಲ್ಯಾನ್ ಅದೇ, ವೈಫೈ ಕೂಡ ಅದೇ. ಇಂಟರ್ನೆಟ್ ಸ್ಲೋ ಇರಬೇಕು ಎಂದುಕೊಂಡು ಹಲವರು ಆ್ಯಪ್ ತೆಗೆದು ಮತ್ತೆ ಇನ್‌ಸ್ಟಾಲ್ ಮಾಡುತ್ತಾರೆ. ಆದರೆ ಕಾರಣ ಫೋನ್‌ನ ಹಾರ್ಡ್‌ವೇರ್‌ನಲ್ಲೇ ಇರಬಹುದು. ಈಗಿನ ಅನೇಕ ಆ್ಯಪ್‌ಗಳು ಫೋನ್‌ನ ಸಾಮರ್ಥ್ಯ ನೋಡಿಕೊಂಡು, ಅದಕ್ಕೆ ತಕ್ಕಂತೆ ಕೆಲಸ ಮಾಡುತ್ತವೆ. ಅದು ಹೇಗೆ? ಇಲ್ಲಿದೆ ಮಾಹಿತಿ.

ಡೌನ್‌ಲೋಡ್ ಹಂತದಲ್ಲೇ ಪರಿಶೀಲನೆ

ಯಾವ ಹಾರ್ಡ್‌ವೇರ್ ಕಡ್ಡಾಯ ಎಂಬುದನ್ನು ಆ್ಯಪ್ ತಯಾರಿಸುವವರು ಮೊದಲೇ ನಮೂದಿಸುತ್ತಾರೆ. ಅದು ಇಲ್ಲದ ಫೋನ್‌ಗೆ ಪ್ಲೇ ಸ್ಟೋರ್ ಆ ಆ್ಯಪ್ ನೀಡುವುದಿಲ್ಲ. 2021ರ ಆಗಸ್ಟ್‌ನಿಂದ ಪ್ಲೇ ಸ್ಟೋರ್‌ನ ಹೊಸ ಆ್ಯಪ್‌ಗಳಿಗೆ 'ಆ್ಯಪ್ ಬಂಡಲ್' ಕಡ್ಡಾಯವಾಗಿದೆ. ಇದರಿಂದ ನಿಮ್ಮ ಫೋನ್‌ನ ಸ್ಕ್ರೀನ್, ಪ್ರೊಸೆಸರ್ ಮತ್ತು ಭಾಷೆಗೆ ಬೇಕಾದ ಫೈಲ್‌ಗಳಷ್ಟೇ ಡೌನ್‌ಲೋಡ್ ಆಗುತ್ತವೆ. ಡೇಟಾ ಮತ್ತು ಜಾಗ ಎರಡೂ ಉಳಿಯುತ್ತವೆ.

ರ‍್ಯಾಮ್ ಕಡಿಮೆ ಇದ್ದರೆ?

ಫೋನ್‌ನಲ್ಲಿ ರ‍್ಯಾಮ್ ಕಡಿಮೆಯೇ ಎಂದು ಆ್ಯಪ್ ತಿಳಿದುಕೊಳ್ಳುವ ವ್ಯವಸ್ಥೆ 2013ರ ಆಂಡ್ರಾಯ್ಡ್ 4.4ರಲ್ಲೇ ಬಂತು. ಹೌದು ಎಂದಾದರೆ ಆ್ಯಪ್ ಅನಿಮೇಷನ್ ಕಡಿಮೆ ಮಾಡಬಹುದು, ಫೋಟೊಗಳನ್ನು ಸಣ್ಣ ಗಾತ್ರದಲ್ಲಿ ತೋರಿಸಬಹುದು. 2021ರ ಆಂಡ್ರಾಯ್ಡ್ 12ರಲ್ಲಿ 'ಪರ್ಫಾರ್ಮೆನ್ಸ್ ಕ್ಲಾಸ್' ಎಂಬ ದರ್ಜೆ ಸೇರಿತು. ಉತ್ತಮ ದರ್ಜೆಯ ಫೋನ್ ಎಂದು ಗೊತ್ತಾದರೆ ಆ್ಯಪ್‌ಗಳು ಭಾರವಾದ ಕ್ಯಾಮೆರಾ, ವಿಡಿಯೊ ಫೀಚರ್‌ಗಳನ್ನು ನೀಡಬಹುದು.

ಹೀಗಾಗಿ ಪ್ರತ್ಯೇಕ 'ಗೋ' ಆ್ಯಪ್‌ಗಳ ಅಗತ್ಯವೂ ಕಡಿಮೆಯಾಗುತ್ತಿದೆ. ಮುಖ್ಯ ಆ್ಯಪ್ ಅನ್ನೇ ಕಡಿಮೆ ಬೆಲೆಯ ಫೋನ್‌ಗಳಿಗೆ ಹೊಂದುವಂತೆ ಸುಧಾರಿಸಿದ್ದೇವೆ ಎಂದು ಗೂಗಲ್ 2022ರಲ್ಲಿ ಯೂಟ್ಯೂಬ್ ಗೋ ನಿಲ್ಲಿಸಿತು.

ಎಚ್‌ಡಿ ಕಾಣದಿರಲು ಕಾರಣ

ಸಿನಿಮಾ ಕಾಪಿ ಆಗದಂತೆ ತಡೆಯಲು ಆಂಡ್ರಾಯ್ಡ್‌ನಲ್ಲಿ ವೈಡ್‌ವೈನ್ ತಂತ್ರಜ್ಞಾನವಿದೆ. ಎಲ್1 ಮಟ್ಟದಲ್ಲಿ ಚಿಪ್‌ನ ಸುರಕ್ಷಿತ ಭಾಗದಲ್ಲೇ ವಿಡಿಯೊ ತೆರೆದುಕೊಳ್ಳುತ್ತದೆ. ಎಲ್3ರಲ್ಲಿ ಈ ಕೆಲಸ ಸಾಫ್ಟ್‌ವೇರ್‌ನಲ್ಲೇ ನಡೆಯುತ್ತದೆ. ಎಲ್3 ಫೋನ್‌ಗೆ ನೆಟ್‌ಫ್ಲಿಕ್ಸ್ ಎಚ್‌ಡಿ ನೀಡುವುದಿಲ್ಲ. ದುಬಾರಿ ಪ್ಲ್ಯಾನ್ ಹಾಕಿಸಿದರೂ ಆ ಫೋನ್‌ನಲ್ಲಿ ಪ್ರಯೋಜನವಿಲ್ಲ.

ಐಫೋನ್‌ಗಳಲ್ಲೂ ಇದೇ ಕಥೆ. 2023ರಲ್ಲಿ ಒಟ್ಟಿಗೇ ಬಂದ ಐಫೋನ್ 15 ಪ್ರೊನಲ್ಲಿ ಆ್ಯಪಲ್ ಇಂಟೆಲಿಜೆನ್ಸ್ ಸಿಗುತ್ತದೆ, ಐಫೋನ್ 15ರಲ್ಲಿ ಸಿಗುವುದಿಲ್ಲ. ಪ್ರೊನಲ್ಲಿ ಎ17 ಪ್ರೊ ಚಿಪ್ ಮತ್ತು 8 ಜಿಬಿ ರ‍್ಯಾಮ್ ಇದೆ.

ನೀವು ಏನು ಮಾಡಬೇಕು?

* ನೆಟ್‌ಫ್ಲಿಕ್ಸ್ ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ 'ಪ್ಲೇಬ್ಯಾಕ್ ಸ್ಪೆಸಿಫಿಕೇಶನ್' ನೋಡಿ. ಎಲ್1 ಇದೆಯೇ ಎಂದು ಖಚಿತಪಡಿಸಿಕೊಂಡ ಬಳಿಕವೇ ಪ್ಲ್ಯಾನ್ ಬದಲಿಸಿ.
* ಫೋನ್ ಮುಟ್ಟಿಸಿ ಹಣ ಪಾವತಿಸಲು ಎನ್‌ಎಫ್‌ಸಿ ಚಿಪ್ ಬೇಕು. ಅದು ಇಲ್ಲದಿದ್ದರೆ ಯಾವ ಅಪ್‌ಡೇಟ್‌ನಿಂದಲೂ ಈ ಸೌಲಭ್ಯ ಬರುವುದಿಲ್ಲ.
* ಊರಲ್ಲಿರುವ ಅಪ್ಪ-ಅಮ್ಮನಿಗೆ ನಿಮ್ಮ ಹಳೆಯ ಫೋನ್ ಕೊಡುವ ಮುನ್ನ, ಅವರು ದಿನವೂ ಬಳಸುವ ಬ್ಯಾಂಕ್, ಯುಪಿಐ ಆ್ಯಪ್‌ಗಳು ಅದರಲ್ಲಿ ನಡೆಯುತ್ತವೆಯೇ ಎಂದು ನೋಡಿ.

ಅನಿಮೇಷನ್ ಕಡಿಮೆಯಾದರೆ, ಫೋಟೊ ಸಣ್ಣದಾದರೆ ನಷ್ಟವೇನಿಲ್ಲ. ಹಣ ಕಳಿಸುವುದು, ಮೆಸೇಜ್ ಓದುವುದು ನಡೆಯುತ್ತಿದ್ದರೆ ಫೋನ್ ಬದಲಿಸುವ ಅವಸರವೂ ಬೇಕಿಲ್ಲ.