ಗೋಲಿನ ಲೆಕ್ಕಕ್ಕೆ ಸಿಗದವರು

ಆಟ ಮುಗಿಸಿ ಸಂಜೆ ಮನೆಗೆ ಹೋದರೆ ದೊಡ್ಡವರು ನಿಮ್ಮನ್ನು ಕೇಳುವುದು ಎರಡೇ ಪ್ರಶ್ನೆ: ಎಷ್ಟು ಗೋಲಾಯಿತು? ಹೊಡೆದವರು ಯಾರು? ಮದ್ದೂರು ತಾಲ್ಲೂಕಿನ ಆತಗೂರಿನಲ್ಲಾಗಲಿ, ಕಲ್ಕತ್ತೆಯಲ್ಲಾಗಲಿ ಈ ಪ್ರಶ್ನೆ ಬದಲಾಗದು. ಪತ್ರಿಕೆಗಳು ಅಚ್ಚು ಹಾಕಿದ್ದೂ ಇದನ್ನೇ, ದಾಖಲೆ ಪುಸ್ತಕಗಳು ಉಳಿಸಿಕೊಂಡಿದ್ದೂ ಇದನ್ನೇ. ಆದ್ದರಿಂದ ಫುಟ್‌ಬಾಲಿನ ಚರಿತ್ರೆ ಬರೆಯಹೊರಟವರಿಗೆ ಒಂದು ತೊಡಕು. ಹನ್ನೊಂದು ಮಂದಿ ಆಡಿದ ಆಟದಲ್ಲಿ ಇಬ್ಬರು ಮೂವರ ಹೆಸರಷ್ಟೇ ಕೈಗೆ ಸಿಗುತ್ತದೆ. ಉಳಿದವರನ್ನು ಯಾವ ತಕ್ಕಡಿಯಲ್ಲಿ ತೂಗುವುದು?

1956ರ ಡಿಸೆಂಬರ್ 1ರಂದು ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತ ಆಸ್ಟ್ರೇಲಿಯವನ್ನು 4–2ರಿಂದ ಸೋಲಿಸಿತು. ಏಕೀಕೃತ ಮೈಸೂರು ರಾಜ್ಯ ಹುಟ್ಟಿ ಅಂದಿಗೆ ಸರಿಯಾಗಿ ಒಂದು ತಿಂಗಳು. ಗೋಲಿನ ಪಟ್ಟಿ ನೋಡಿ: ನೆವಿಲ್ ಡಿಸೋಜ ಮೂರು, ಕೃಷ್ಣಸ್ವಾಮಿ ಒಂದು. ಆ ತಂಡದ ಹಾಫ್‌ಬ್ಯಾಕ್ ಆಗಿದ್ದ ಬೆಂಗಳೂರಿನ ಕೆಂಪಯ್ಯನವರ ಹೆಸರು ಪಟ್ಟಿಯಲ್ಲಿಲ್ಲ.

ಇರುವುದೂ ಇಲ್ಲ, ಏಕೆಂದರೆ ಹಾಫ್‌ಬ್ಯಾಕಿನ ಕೆಲಸವೇ ಬೇರೆ. ಎದುರಾಳಿಯಿಂದ ಚೆಂಡು ಕಸಿಯಬೇಕು, ಅದನ್ನು ಮುಂದಿನವರ ಕಾಲಿಗೆ ಮುಟ್ಟಿಸಬೇಕು, ಆಮೇಲೆ ಓಡಿ ಬಂದು ತನ್ನ ಜಾಗ ಮುಚ್ಚಬೇಕು. ನಿಮ್ಮ ಸೀಮೆಯ ಹಿರಿಯರಿಗೆ ಕೆರೆಯ ನೀರುಗಂಟಿ ಗೊತ್ತು. ಯಾವ ಗದ್ದೆಗೆ ಯಾವಾಗ ನೀರು ತಿರುಗಿಸಬೇಕೆಂದು ಬಲ್ಲವನು ಅವನು. ಸುಗ್ಗಿಯಲ್ಲಿ ಭತ್ತ ಅಳೆಯುವಾಗ ರಾಶಿ ಮಾತ್ರ ಗದ್ದೆಯವನ ಹೆಸರಿನಲ್ಲಿರುತ್ತದೆ.

ಹಾಗಾದರೆ ಕೆಂಪಯ್ಯನವರ ಬೆಲೆಗೆ ಸಾಕ್ಷಿ ಏನು? ಒಂದಿದೆ. ತರಬೇತುದಾರ ಎಸ್. ಎ. ರಹೀಮರು ನಾಲ್ಕು ವರ್ಷದ ನಂತರ, 1960ರ ರೋಮ್ ಒಲಿಂಪಿಕ್ಸ್‌ಗೂ ಅವರನ್ನು ಕರೆದೊಯ್ದರು. ಕಣ್ಣಾರೆ ನೋಡಿದವರೊಬ್ಬರು ಎರಡನೆಯ ಸಲವೂ ಆರಿಸಿದರೆಂಬುದು ಅಂಕಿಗಿಂತ ಗಟ್ಟಿಯಾದ ಪುರಾವೆ ಎಂದು ನನ್ನ ಎಣಿಕೆ. ಆಯ್ಕೆಗಳೂ ತಪ್ಪುವುದುಂಟು, ನಿಜ. ಆದರೆ ಮೊದಲ ತಪ್ಪನ್ನು ಎರಡನೆಯ ಸಲ ಮಾಡುವವರು ಕಡಿಮೆ.

ಅಂಕಿ ಮೌನವಾಗಿರುವುದಷ್ಟೇ ಅಲ್ಲ, ಕೆಲವೊಮ್ಮೆ ತಪ್ಪು ದಾರಿಯನ್ನೂ ತೋರಿಸುತ್ತದೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ, ಬಹುತೇಕ ಬರಿಗಾಲಿನಲ್ಲೇ ಆಡಿದ ನಮ್ಮವರು ಫ್ರಾನ್ಸ್‌ಗೆ 2–1ರಿಂದ ಸೋತರು. ಎರಡು ಪೆನಾಲ್ಟಿಗಳು ವ್ಯರ್ಥವಾದವು. ಅವುಗಳಲ್ಲೊಂದನ್ನು ಒದ್ದವರು ಸೈಲೇನ್ ಮನ್ನಾ. ಆ ಒಂದು ದಿನದ ಲೆಕ್ಕ ಹಿಡಿದರೆ ಮನ್ನಾ ಸೋಲಿಗೆ ಕಾರಣರಾದ ಆಟಗಾರ. ಆದರೆ 1951ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದ ನಾಯಕರು ಅವರೇ.

ಅಹಮದ್ ಖಾನರದು ಇನ್ನೂ ವಿಚಿತ್ರ. ಬೆಂಗಳೂರಿನ ಈ ಆಟಗಾರ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ಬಿನ ಐವರು ಮುನ್ಪಡೆ ಆಟಗಾರರಲ್ಲಿ ಒಬ್ಬರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹಮದ್ ಖಾನ್, ಸಾಲೇ – ಈ ಐವರನ್ನು ಬಂಗಾಳದ ಜನ ಪಂಚಪಾಂಡವರೆಂದು ಕರೆದರು. ಕ್ಲಬ್ಬು 1949, 1950, 1951ರಲ್ಲಿ ಸತತವಾಗಿ ಐ.ಎಫ್.ಎ. ಷೀಲ್ಡ್ ಗೆದ್ದಿತು. ಚೆಂಡು ಕಾಲಿಗೆ ಅಂಟಿದಂತೆ ಅಹಮದ್ ಎದುರಾಳಿಗಳನ್ನು ದಾಟಿಹೋಗುತ್ತಿದ್ದುದನ್ನು ಕಂಡವರು ಅವರನ್ನು ಹಾವಾಡಿಗನೆಂದರು. ಜನ ಕೊಡುವ ಹೆಸರೂ ಒಂದು ದಾಖಲೆಯೇ. ಇತ್ತ ಒಲಿಂಪಿಕ್ ಪುಸ್ತಕ ಹೇಳುವುದೇನು? 1952ರ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯ 10, ಭಾರತ 1. ಆ ಒಂದು ಗೋಲು ಅಹಮದ್ ಖಾನರದು. ಪುಸ್ತಕವನ್ನಷ್ಟೇ ಓದುವವನಿಗೆ ಅವರು ಹೀನಾಯ ಸೋಲಿನ ಮೂಲೆಯಲ್ಲಿರುವ ಒಂದು ಹೆಸರು ಮಾತ್ರ.

ನೆನಪನ್ನೂ ಕಣ್ಣುಮುಚ್ಚಿ ನಂಬಬೇಡಿ. ಅಭಿಮಾನ ಬೆರೆತರೆ ನೆನಪು ಉಬ್ಬುತ್ತದೆ. ಹತ್ತು ಗಜದ ಓಟ ಐವತ್ತು ಗಜವಾಗುತ್ತದೆ. ಅದಕ್ಕೇ ಒಬ್ಬರ ಮಾತನ್ನು ಇನ್ನೊಬ್ಬರ ಮಾತಿನೊಡನೆ, ಎರಡನ್ನೂ ತಂಡದ ಫಲಿತಾಂಶದೊಡನೆ ಹೊಂದಿಸಿ ನೋಡಬೇಕು.

ಇಂದು ಕ್ಯಾಮೆರಾ, ಕಂಪ್ಯೂಟರುಗಳು ಆಟಗಾರ ಓಡಿದ ದೂರವನ್ನೂ ಕೊಟ್ಟ ಪಾಸುಗಳನ್ನೂ ಎಣಿಸುತ್ತವೆ. ಕೆಂಪಯ್ಯನವರ ಕಾಲಕ್ಕೆ ಆ ಭಾಗ್ಯವಿರಲಿಲ್ಲ. ಆದರೂ ತೊಂಬತ್ತು ನಿಮಿಷಗಳ ಆಟದಲ್ಲಿ ಒಬ್ಬ ಆಟಗಾರನ ಕಾಲಲ್ಲಿ ಚೆಂಡಿರುವುದು ಕೆಲವೇ ನಿಮಿಷ. ಉಳಿದ ಹೊತ್ತೆಲ್ಲ ಅವನು ಎಲ್ಲಿ ನಿಂತ, ಯಾರಿಗೆ ಕೂಗಿ ಹೇಳಿದ, ಯಾರ ದಾರಿ ಕಟ್ಟಿದ?

ಅಹಮದ್ ಖಾನರು 2017ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಅವರ ಆಟವನ್ನು ನೋಡಿದವರು ಇಂದು ಎಂಬತ್ತು ದಾಟಿದ ಮುದುಕರು. ನಿಮ್ಮ ಊರಿನಲ್ಲೋ ನೆಂಟರಲ್ಲೋ ಅಂಥವರೊಬ್ಬರಿದ್ದರೆ, ಗೋಲೆಷ್ಟೆಂದು ಕೇಳಬೇಡಿ. ಚೆಂಡು ಇಲ್ಲದಾಗ ಅವರೇನು ಮಾಡುತ್ತಿದ್ದರೆಂದು ಕೇಳಿ, ಹೇಳಿದ್ದನ್ನು ಬರೆದಿಟ್ಟುಕೊಳ್ಳಿ.