ಆನ್ಸರ್

ಉತ್ತರಿಸು, ಜವಾಬು ಕೊಡು, ಓಗೊಡು ಎಂಬ ಅರ್ಥಗಳಲ್ಲಿ ಬಳಕೆಯಲ್ಲಿರುವ ಇಂಗ್ಲಿಷ್ ಕ್ರಿಯಾಪದ. ಇದೇ ರೂಪ ನಾಮಪದವೂ ಹೌದು. ಈ ಮಾತು ಕಿವಿಗೆ ಬಿದ್ದೊಡನೆ ಇಂದು ನೆನಪಾಗುವುದು ಪ್ರಶ್ನೆ, ಅದರಲ್ಲೂ ಪರೀಕ್ಷೆಯ ಪ್ರಶ್ನೆ. ಆದರೆ ಪದ ಹುಟ್ಟಿದ್ದು ಆರೋಪಕ್ಕೆ ಎದುರಾಗಿ.

ಹಳೆಯ ಇಂಗ್ಲಿಷಿನಲ್ಲಿ ನಾಮಪದದ ರೂಪ ಆಂಡ್‌ಸ್ವಾರು, ಕ್ರಿಯಾಪದದ ರೂಪ ಆಂಡ್‌ಸ್ವಾರಿಯನ್. ಇದರಲ್ಲಿ 'ಆಂಡ್' ಎಂಬ ಪೂರ್ವಪದಕ್ಕೆ ಎದುರು, ವಿರುದ್ಧ ಎಂದರ್ಥ. ಗ್ರೀಕಿನ 'ಆಂಟಿ', ಸಂಸ್ಕೃತದ 'ಅಂತಿ' ಇದರ ದಾಯಾದಿಗಳು. ಉತ್ತರಾರ್ಧವು ಆಣೆಯಿಡು ಎಂಬರ್ಥದ 'ಸ್ವೇರ್' ಕ್ರಿಯಾಪದದ ಮೂಲಕ್ಕೇ ಸೇರಿದ್ದು. ಒಟ್ಟಿನಲ್ಲಿ ಪದದ ಮೂಲಾರ್ಥ ಎದುರಾಣೆ, ಅಂದರೆ ಮೇಲೆ ಬಂದ ಆಪಾದನೆಯನ್ನು ಪ್ರಮಾಣ ಮಾಡಿ ತಳ್ಳಿಹಾಕುವುದು.

ಆಂಗ್ಲೋ-ಸ್ಯಾಕ್ಸನ್ ಕಾಲದ ನ್ಯಾಯವಿಚಾರಣೆಯಲ್ಲಿ ಇದು ಬರೀ ಮಾತಾಗಿರಲಿಲ್ಲ. ಆಪಾದಿತನು ತಾನು ನಿರ್ದೋಷಿಯೆಂದು ಆಣೆಯಿಡುತ್ತಿದ್ದ. ಅವನ ಕಡೆಯ ಕೆಲವರು ಮುಂದೆ ಬಂದು ಇವನ ಆಣೆ ಶುದ್ಧವಾದದ್ದೆಂದು ತಾವೂ ಆಣೆಯಿಡುತ್ತಿದ್ದರು. ಇವರು ಘಟನೆಯನ್ನು ಕಂಡವರಾಗಿರಬೇಕಿರಲಿಲ್ಲ. ಆತನ ಮಾತಿನ ಮೇಲೆ ಇವರಿಗೆ ನಂಬಿಕೆಯಿದ್ದರೆ ಸಾಕಿತ್ತು. ಇಂದಿನ ಕಣ್ಣಿಗೆ ವಿಚಿತ್ರವೆನಿಸುವ ಈ ಕ್ರಮ, ಸಾಲದ ದಾವೆಗಳಲ್ಲಿ 'ವೇಜರ್ ಆಫ್ ಲಾ' ಎಂಬ ಹೆಸರಿನಿಂದ ಶತಮಾನಗಳ ಕಾಲ ಉಳಿದುಕೊಂಡಿತು. ಪ್ರತಿವಾದಿಯ ಜೊತೆ ಸಾಮಾನ್ಯವಾಗಿ ಹನ್ನೊಂದು ಮಂದಿ ಆಣೆಯಿಟ್ಟರೆ ಸಾಲ ವಜಾ. ಇಂಗ್ಲೆಂಡು ಇದನ್ನು ಕಾನೂನಿನ ಮೂಲಕ ರದ್ದುಮಾಡಿದ್ದು 1833ರಲ್ಲಿ.

ಉತ್ತರವೆಂಬುದು ಮೊದಲಿಗೆ ಆಪಾದನೆಗೆ ಕೊಡುವಂಥದು ಎಂಬ ಭಾವ ನಮ್ಮ ಧರ್ಮಶಾಸ್ತ್ರದಲ್ಲೂ ಇದೆ. ಕಲ್ಯಾಣ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ಕಾಲದ ವಿಜ್ಞಾನೇಶ್ವರನ 'ಮಿತಾಕ್ಷರಾ' ವ್ಯಾಖ್ಯಾನದಲ್ಲಿ ವ್ಯಾಜ್ಯಕ್ಕೆ ನಾಲ್ಕು ಪಾದಗಳಿದ್ದು, ದೂರಿನ ನಂತರದ ಎರಡನೆಯದು ಉತ್ತರ. ಪ್ರತಿವಾದಿ ದೂರನ್ನು ಒಪ್ಪಿಕೊಳ್ಳಬಹುದು, ಸುಳ್ಳೆನ್ನಬಹುದು, 'ಸಾಲ ಪಡೆದದ್ದು ನಿಜ, ತೀರಿಸಿದ್ದೇನೆ' ಎನ್ನಬಹುದು, ಇಲ್ಲವೇ ಇದು ಹಿಂದೆಯೇ ತೀರ್ಮಾನವಾದ ವ್ಯಾಜ್ಯವೆನ್ನಬಹುದು.

ಆಣೆಯ ನೆನಪು ಅಳಿಸಿದ ಮೇಲೆ ಪದ ಸಡಿಲಗೊಂಡಿತು. ಆರೋಪಕ್ಕೆ ಕೊಡುವ ಉತ್ತರ ಯಾವ ಪ್ರಶ್ನೆಗಾದರೂ ಕೊಡುವ ಉತ್ತರವಾಯಿತು. ಲೆಕ್ಕಕ್ಕೆ, ಒಗಟಿಗೆ ಸಿಗುವ ಪರಿಹಾರಕ್ಕೂ ಅದೇ ಹೆಸರು ಬಂತು. ಪದ ಮಾತಿನ ಗಡಿಯನ್ನೂ ದಾಟಿತು. ಬಾಗಿಲು ತಟ್ಟಿದಾಗ ತೆರೆಯುವುದು, ಗಂಟೆ ಬಾರಿಸಿದ ಫೋನನ್ನು ಎತ್ತುವುದು, ಹೆಸರು ಹಿಡಿದು ಕರೆದರೆ ನಾಯಿ ತಿರುಗಿ ನೋಡುವುದು, ಪೊಲೀಸರು ಕೊಟ್ಟ ಚಹರೆಗೆ ಒಬ್ಬನ ಮುಖ ತಾಳೆಯಾಗುವುದು, ಎಲ್ಲವೂ ಇಂಗ್ಲಿಷಿನಲ್ಲಿ ಆನ್ಸರ್. ಇವು ಚೆಲ್ಲಾಪಿಲ್ಲಿಯಾಗಿ ಕಂಡರೂ ಎದುರಿನಿಂದ ಬಂದದ್ದಕ್ಕೆ ಸರಿಹೊಂದುವ ಪ್ರತಿಕ್ರಿಯೆ ಎಂಬ ಭಾವ ಎಲ್ಲದರಲ್ಲೂ ಇದೆ.

ಹಳೆಯ ಅರ್ಥ ಪೂರ್ತಿ ಸತ್ತಿಲ್ಲ. 'ಆನ್ಸರ್ ಫಾರ್' ಎಂದರೆ ಮಾಡಿದ್ದಕ್ಕೆ ಹೊಣೆಯಾಗು. 'ಆನ್ಸರ್ ಟು' ಎಂದು ವ್ಯಕ್ತಿಯ ಬಗ್ಗೆ ಹೇಳಿದರೆ ಅವರಿಗೆ ಲೆಕ್ಕ ಒಪ್ಪಿಸಬೇಕಾದವನು ಎಂದರ್ಥ. ಇದರ ಒಡಹುಟ್ಟಾದ 'ಅನ್ಸ್ವಾರ್' ಡ್ಯಾನಿಶ್ ಭಾಷೆಯಲ್ಲಿ ಹೊಣೆಗಾರಿಕೆಯ ಹೆಸರಾಗಿಯೇ ಉಳಿದಿದೆ. ಕನ್ನಡ ಅರಬ್ಬಿ-ಪಾರಸಿಯಿಂದ ಪಡೆದ ಜವಾಬು ಜವಾಬ್ದಾರಿಯಾದದ್ದೂ ಇದೇ ಜಾಡಿನಲ್ಲಿ. 'ಆನ್ಸರ್ ಬ್ಯಾಕ್' ಎಂಬುದಕ್ಕಂತೂ ನಮ್ಮ ಎದುರುತ್ತರ ಹೇಳಿ ಮಾಡಿಸಿದ ಜೋಡಿ.

ಸಮಾನಾರ್ಥಕಗಳಲ್ಲಿ 'ರಿಪ್ಲೈ' ಲ್ಯಾಟಿನ್ನಿನ ಹಿಂದಕ್ಕೆ ಮಡಿಸು ಎಂಬರ್ಥದ ಕ್ರಿಯೆಯಿಂದ ಫ್ರೆಂಚ್ ಮೂಲಕ ಬಂದದ್ದು. 'ರಿಟಾರ್ಟ್' ತಿರುಚಿ ಎಸೆಯುವುದು. 'ರೆಸ್ಪಾಂಡ್' ಇವೆರಡಕ್ಕಿಂತ ಆನ್ಸರ್‌ಗೆ ಹತ್ತಿರದ್ದು, ಅದರ ಬೇರಿನಲ್ಲೂ ವಾಗ್ದಾನವಿದೆ. ರೋಮನ್ನರಲ್ಲಿ 'ಮಾತು ಕೊಡುವೆಯಾ?' ಎಂದು ಒಬ್ಬ ಕೇಳಿ, ಇನ್ನೊಬ್ಬ ಅದೇ ಪದದಲ್ಲಿ 'ಕೊಟ್ಟೆ' ಎಂದರೆ ಕರಾರು ಆದಂತೆ. ಆ ಪದ 'ಸ್ಪಾಂಡಿಯೋ'. ರೆಸ್ಪಾಂಡ್, ಸ್ಪಾನ್ಸರ್ ಎರಡೂ ಅದರ ಸಂತತಿ.

ಬರಹದಲ್ಲಿರುವ ಡಬ್ಲ್ಯು ಅಕ್ಷರ ಹಳೆಯ ಸ್ವಾರುವಿನ ಕುರುಹು. ಉಚ್ಚಾರದಿಂದ ಅದು ಎಂದೋ ಬಿದ್ದುಹೋಗಿದೆ.

ಭಾರತದ ಸಿವಿಲ್ ನ್ಯಾಯಾಲಯಗಳಲ್ಲಿ ಪ್ರತಿವಾದಿಯ ಜವಾಬಿಗೆ ಈ ಹೆಸರಿಲ್ಲ, ಅದು 'ರಿಟನ್ ಸ್ಟೇಟ್‌ಮೆಂಟ್'. ಅಮೆರಿಕದ ಫೆಡರಲ್ ನ್ಯಾಯಾಲಯಗಳಲ್ಲಿ ಆ ಜವಾಬೇ ಆನ್ಸರ್, ಸಾಮಾನ್ಯವಾಗಿ 21 ದಿನದೊಳಗೆ ಸಲ್ಲಿಸಬೇಕು. ಆದರೆ ನಮ್ಮ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 11ನೆಯ ಆದೇಶದಲ್ಲಿ ಪದ ತನ್ನ ಮೂಲರೂಪದಲ್ಲೇ ಕಾಣಿಸಿಕೊಳ್ಳುತ್ತದೆ. ಎದುರು ಪಕ್ಷದವರು ಕೊಟ್ಟ ಲಿಖಿತ ಪ್ರಶ್ನಾವಳಿಗೆ ಅಫಿಡವಿಟ್ ಮೂಲಕ, ಅಂದರೆ ಪ್ರಮಾಣ ಮಾಡಿಯೇ, ಹತ್ತು ದಿನದೊಳಗೆ ಅಥವಾ ನ್ಯಾಯಾಲಯ ಕೊಟ್ಟ ಅವಧಿಯೊಳಗೆ ಆನ್ಸರ್ ಮಾಡಬೇಕು.

ಬಳಕೆಯಲ್ಲಿ ಕನ್ನಡಿಗರು ಎಡವುವುದು ಒಂದು ಕಡೆ. ಕನ್ನಡದಲ್ಲಿ ಪ್ರಶ್ನೆಗೆ ಉತ್ತರಿಸುತ್ತೇವೆ. ಆ 'ಗೆ' ಪ್ರತ್ಯಯವನ್ನೇ 'ಟು' ಮಾಡಿ ಇಂಗ್ಲಿಷ್ ಕ್ರಿಯಾಪದಕ್ಕೆ ಅಂಟಿಸುವುದು ತಪ್ಪು. ಕ್ರಿಯಾಪದವಾದಾಗ 'ಆನ್ಸರ್ ದ ಕ್ವೆಶ್ಚನ್' ಎಂದಷ್ಟೇ ಬರೆಯಬೇಕು. ನಾಮಪದವಾದಾಗ 'ಟು' ಬೇಕು, ರಿಪ್ಲೈ ಮತ್ತು ರೆಸ್ಪಾಂಡ್‌ಗೂ ಬೇಕು.